ನಮ್ಮೋರು, ಹೊರಗಿನೋರು: ಮಂಡ್ಯದ ಓಟಿನ ಲೆಕ್ಕ

ಹೇಮಾವತಿ ಹೊಳೆಯ ದಂಡೆಯ ಅಕ್ಕಿಹೆಬ್ಬಾಳು ಕೃಷ್ಣರಾಜಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರ. ಮೈಸೂರಿನಿಂದ ಹಾಸನ, ಅರಸೀಕೆರೆ ಕಡೆ ಹೋಗುವ ರೈಲು ಕೆ.ಆರ್. ನಗರ ದಾಟಿದ ಮೇಲೆ ಈ ಊರು ಸಿಗುತ್ತದೆ. ಮುಂದೆ ಮಂದಗೆರೆ, ಆಮೇಲೆ ಹೊಳೆನರಸೀಪುರ. ಹೊಳೆನರಸೀಪುರವೆಂದರೆ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ತಾಲ್ಲೂಕು. ಅವರ ಹುಟ್ಟೂರು ಹರದನಹಳ್ಳಿ ಇರುವುದು ಅಲ್ಲೇ. ನಟ ಅಂಬರೀಷ್ ಅವರ ದೊಡ್ಡರಸಿನಕೆರೆ ಇರುವುದು ಮದ್ದೂರು ತಾಲ್ಲೂಕಿನಲ್ಲಿ, ಮಂಡ್ಯ ಜಿಲ್ಲೆಯ ಇನ್ನೊಂದು ಮಗ್ಗುಲಿಗೆ. ಬರೀ ಕಿಲೋಮೀಟರು ಲೆಕ್ಕ ಹಾಕಿದರೆ ಅಕ್ಕಿಹೆಬ್ಬಾಳಿನವರಿಗೆ ದೇವೇಗೌಡರ ಮನೆಯವರೇ ಹತ್ತಿರದವರು. ಆದರೂ 2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯ ಕ್ಷೇತ್ರದ ಉದ್ದಗಲಕ್ಕೂ ಕೇಳಿಬಂದ ಮಾತೇ ಬೇರೆ. ದೇವೇಗೌಡರ ಮೊಮ್ಮಗ ಹೊರಗಿನವರು, ಅಂಬರೀಷ್ ಅವರ ಪತ್ನಿ ಮಂಡ್ಯದ ಸೊಸೆ ಎಂಬುದು ಆ ಮಾತು.

ಲೋಕಸಭೆಗೆ ಓಟು ಹಾಕುವುದು ದೇಶದ ಸರ್ಕಾರಕ್ಕೆ. ಪ್ರಧಾನಿ ಯಾರಾಗಬೇಕು, ಯಾವ ಪಕ್ಷ ಆಳಬೇಕು ಎಂಬುದೇ ಅಲ್ಲಿ ಮುಖ್ಯ ಪ್ರಶ್ನೆ ಎಂದು ದಿಲ್ಲಿಯಿಂದ ನೋಡುವವರಿಗೆ ಅನ್ನಿಸುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಅದರ ಜೊತೆಗೇ ಇನ್ನೊಂದು ಪ್ರಶ್ನೆ ಎದ್ದು ನಿಲ್ಲುತ್ತದೆ: ಈ ಅಭ್ಯರ್ಥಿ ನಮ್ಮೋರಾ? ಗೆದ್ದ ಮೇಲೆ ಕೈಗೆ ಸಿಗ್ತಾರಾ? ಹಾಗೆ ನೋಡಿದರೆ ಈ ಪ್ರಶ್ನೆಗೆ ಸಿಗುವ ಉತ್ತರ ಅಭ್ಯರ್ಥಿಯ ಜನ್ಮಪತ್ರದಲ್ಲಿ ಇರುವುದಿಲ್ಲ. ಅದನ್ನು ಕೊಡುವವರು ಮತದಾರರು. ಒಮ್ಮೆ ಕೊಟ್ಟಿದ್ದನ್ನು ಮುಂದಿನ ಚುನಾವಣೆಯಲ್ಲಿ ವಾಪಸು ಪಡೆಯುವವರೂ ಅವರೇ. ಕಳೆದ ಹದಿನೈದಿಪ್ಪತ್ತು ವರ್ಷಗಳ ಮಂಡ್ಯದ ಫಲಿತಾಂಶಗಳನ್ನು ಒಂದರ ಪಕ್ಕ ಒಂದಿಟ್ಟರೆ ಇದು ಕಣ್ಣಿಗೆ ಕಾಣುತ್ತದೆ.

2018ರ ನವೆಂಬರ್ 24 ಮಂಡ್ಯ ಜಿಲ್ಲೆ ಮರೆಯಲಾರದ ದಿನ. ಆ ದಿನ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಅದೇ ರಾತ್ರಿ ಬೆಂಗಳೂರಿನಲ್ಲಿ ಅಂಬರೀಷ್ ತೀರಿಕೊಂಡರು. ಮಾರನೆಯ ದಿನ ಅವರ ಪಾರ್ಥಿವ ಶರೀರವನ್ನು ಹೆಲಿಕಾಪ್ಟರಿನಲ್ಲಿ ಮಂಡ್ಯಕ್ಕೆ ತಂದು ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಇರಿಸಲಾಯಿತು. ರಾತ್ರಿಯಿಡೀ ಜನ ಸಾಲುಗಟ್ಟಿ ಬಂದರು. ಅಂತ್ಯಕ್ರಿಯೆಗೆ ಬೆಂಗಳೂರಿಗೆ ಹೊರಡುವ ಮುನ್ನ ಪತ್ನಿ ಸುಮಲತಾ ಮಂಡ್ಯದ ಮಣ್ಣನ್ನು ಚಿಟಿಕೆ ತೆಗೆದು ಗಂಡನ ಹಣೆಗೆ ಇಟ್ಟರು. ಟೀವಿಯಲ್ಲಿ ಅದನ್ನು ಕಂಡ ಲಕ್ಷಾಂತರ ಜನರಿಗೆ ಆಗ ಚುನಾವಣೆಯ ಯೋಚನೆ ಇದ್ದಿರಲಾರದು. ಐದು ತಿಂಗಳು ಕಳೆಯುವಷ್ಟರಲ್ಲಿ ಆ ಮಣ್ಣಿನ ಋಣವೇ ಚುನಾವಣೆಯ ಮಾತಾಯಿತು. ಶರೀರವನ್ನು ಮಂಡ್ಯಕ್ಕೆ ತರಿಸಿದ್ದು ಯಾರು ಎಂಬುದರ ಮೇಲೂ ಪ್ರಚಾರ ಸಭೆಗಳಲ್ಲಿ ವಾದ ನಡೆಯಿತು.

ಸುಮಲತಾ ಕಾಂಗ್ರೆಸ್ ಟಿಕೆಟ್ ಕೇಳಿದರು. ಆಗ ರಾಜ್ಯದಲ್ಲಿದ್ದುದು ಕಾಂಗ್ರೆಸ್ ಮತ್ತು ಜೆಡಿಎಸ್ ಮೈತ್ರಿ ಸರ್ಕಾರ, ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ. ಸೀಟು ಹಂಚಿಕೆಯಲ್ಲಿ ಮಂಡ್ಯ ಜೆಡಿಎಸ್ ಪಾಲಾಯಿತು, ಕುಮಾರಸ್ವಾಮಿಯವರ ಮಗ ನಿಖಿಲ್ ಅಭ್ಯರ್ಥಿಯಾದರು. ಸುಮಲತಾ ಪಕ್ಷೇತರರಾಗಿ ನಿಂತರು. ಬಿಜೆಪಿ ತನ್ನ ಅಭ್ಯರ್ಥಿಯನ್ನು ಹಾಕದೆ ಅವರನ್ನು ಬೆಂಬಲಿಸಿತು. ರೈತ ಸಂಘವೂ ಜೊತೆಗೂಡಿತು.

ಲೆಕ್ಕ ನೋಡಿದವರು ಜೆಡಿಎಸ್ ಗೆಲುವು ಖಚಿತ ಎಂದಿದ್ದರೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರಗಳು: ಮಳವಳ್ಳಿ, ಮದ್ದೂರು, ಮೇಲುಕೋಟೆ, ಮಂಡ್ಯ, ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ, ಜೊತೆಗೆ ಮೈಸೂರು ಜಿಲ್ಲೆಯ ಕೆ.ಆರ್. ನಗರ. 2018ರ ಮೇ ತಿಂಗಳಲ್ಲಿ ಈ ಎಂಟೂ ಕಡೆ ಗೆದ್ದದ್ದು ಜೆಡಿಎಸ್. ಅದೇ ವರ್ಷ ನವೆಂಬರಿನ ಲೋಕಸಭಾ ಉಪಚುನಾವಣೆಯಲ್ಲಿ ಜೆಡಿಎಸ್‌ನ ಎಲ್.ಆರ್. ಶಿವರಾಮೇಗೌಡರು 3.24 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದಿದ್ದರು. ಎಂಟು ಶಾಸಕರು, ಮುಖ್ಯಮಂತ್ರಿ, ಮಾಜಿ ಪ್ರಧಾನಿ, ಇಷ್ಟೂ ಬಲ ಒಂದೇ ಕಡೆ.

2019ರ ಏಪ್ರಿಲ್ 18ರಂದು ಮತದಾನ ನಡೆಯಿತು. ಮೇ 23ರ ಎಣಿಕೆಯಲ್ಲಿ ಸುಮಲತಾ ಅವರಿಗೆ 7,03,660 ಮತ, ನಿಖಿಲ್ ಅವರಿಗೆ 5,77,784. ಅಂತರ 1,25,876. ಆರು ತಿಂಗಳ ಹಿಂದೆ ಮೂರು ಲಕ್ಷದ ಮೇಲೆ ಗೆದ್ದ ಪಕ್ಷ ಒಂದೂಕಾಲು ಲಕ್ಷದಲ್ಲಿ ಸೋತಿತು. 1967ರಲ್ಲಿ ಉತ್ತರ ಕನ್ನಡದಿಂದ ಕವಿ ದಿನಕರ ದೇಸಾಯಿ ಗೆದ್ದ ಮೇಲೆ ಕರ್ನಾಟಕದಿಂದ ಪಕ್ಷೇತರರೊಬ್ಬರು ಲೋಕಸಭೆಗೆ ಹೋದದ್ದು ಅದೇ ಮೊದಲು.

ಇದು ಹೇಗಾಯಿತು? ಸುಮಲತಾ ಹುಟ್ಟಿದ್ದು ಮದರಾಸಿನಲ್ಲಿ, ಅವರ ತೌರಿನ ಭಾಷೆ ತೆಲುಗು. ನಿಖಿಲ್ ಅವರನ್ನು ಹೊರಗಿನವರು ಎನ್ನುವುದಾದರೆ ಸುಮಲತಾ ಅವರನ್ನು ಇನ್ನೂ ಹೊರಗಿನವರು ಎನ್ನಬೇಕಾಗುತ್ತಿತ್ತು. ಎದುರಾಳಿಗಳು ಅದನ್ನೇ ಹಿಡಿದರು. ಟಿಕೆಟ್ ಸಿಗದೆ ಹೋದ ಸಂಸದ ಶಿವರಾಮೇಗೌಡರು ಸುಮಲತಾ ಗೌಡ್ತಿಯಲ್ಲ, ನಾಯ್ಡು ಎಂಬರ್ಥದ ಮಾತಾಡಿದರು. ಗಂಡ ತೀರಿಕೊಂಡ ಕೆಲವೇ ದಿನಗಳಲ್ಲಿ ಸುಮಲತಾ ರಾಜಕೀಯಕ್ಕೆ ಬಂದರೆಂದು ಸಚಿವ ಎಚ್.ಡಿ. ರೇವಣ್ಣ ಆಡಿದ ಮಾತಿಗೆ ಮುಖ್ಯಮಂತ್ರಿಯೇ ಕ್ಷಮೆ ಕೇಳಬೇಕಾಯಿತು.

ಹಳ್ಳಿಯ ಮನೆಮನೆಯಲ್ಲೂ ಹೊರಗಿನವಳು ಎಂಬ ಈ ಮಾತು ಹೇಗೆ ಕೇಳಿಸಿರಬಹುದೆಂದು ಯೋಚಿಸಬೇಕು. ಮಂಡ್ಯದ ಯಾವುದೇ ಹಳ್ಳಿಯ ಮತದಾರರ ಪಟ್ಟಿ ತೆಗೆದರೂ ಮದುವೆಯಾದ ಹೆಂಗಸರಲ್ಲಿ ಬಹುಪಾಲು ಬೇರೆ ಊರಿನಲ್ಲಿ ಹುಟ್ಟಿದವರೇ. ಕಿಕ್ಕೇರಿಯಿಂದ ಅಕ್ಕಿಹೆಬ್ಬಾಳಿಗೆ, ಚನ್ನರಾಯಪಟ್ಟಣದಿಂದ ನಾಗಮಂಗಲಕ್ಕೆ, ಮೈಸೂರು ಸೀಮೆಯಿಂದ ಪಾಂಡವಪುರಕ್ಕೆ ಕೊಟ್ಟ ಹೆಣ್ಣುಮಕ್ಕಳು. ಬಂದ ಮನೆಯಲ್ಲಿ ಮೂವತ್ತು ವರ್ಷ ಬಾಳಿದ ಮೇಲೂ ನೀನು ಈ ಊರಿನವಳಲ್ಲ ಎಂದರೆ ಹೊಟ್ಟೆಗೆ ಬೀಳುವ ಬೆಂಕಿ ಎಂಥದೆಂದು ಅವರಿಗೆ ಗೊತ್ತು. ಸುಮಲತಾ ಅಂಬರೀಷ್ ಅವರನ್ನು ಮದುವೆಯಾದದ್ದು 1991ರಲ್ಲಿ. ಹೊರಗಿನವಳು ಎಂದು ದೂರಿದಷ್ಟೂ ಅವರು ಸೊಸೆಯ ಜಾಗದಲ್ಲಿ ಗಟ್ಟಿಯಾಗಿ ನಿಂತರು. ಮತದಾನಕ್ಕೆ ಎರಡು ದಿನ ಮುಂಚೆ ಮಂಡ್ಯ ಪಟ್ಟಣದ ಸಭೆಯಲ್ಲಿ ಸೆರಗೊಡ್ಡಿ ಮತಭಿಕ್ಷೆ ಕೇಳಿದ್ದು ಆ ಪ್ರಚಾರದ ಕೊನೆಯ ದೃಶ್ಯ. ಚುನಾವಣೆಯಿಡೀ ಕೇಳಿಬಂದ ಘೋಷಣೆ ಸ್ವಾಭಿಮಾನ.

ನಿಖಿಲ್ ಅವರ ಕಷ್ಟವೇ ಬೇರೆ. ತಾತ, ತಂದೆ ಇಬ್ಬರಿಗೂ ಮಂಡ್ಯದ ಜೊತೆ ದಶಕಗಳ ಒಡನಾಟವಿತ್ತು. ಆದರೆ ಅದು ಪಕ್ಷದ, ನಾಯಕತ್ವದ ಒಡನಾಟ. ಕುಟುಂಬದ ಮೂರನೆಯ ತಲೆಮಾರಿಗೂ ಅದನ್ನು ಹಾಗೆಯೇ ವರ್ಗಾಯಿಸಬಹುದು ಎಂಬುದನ್ನು ಮಂಡ್ಯ ಒಪ್ಪಲಿಲ್ಲ. ಮುಖ್ಯಮಂತ್ರಿ ಜಿಲ್ಲೆಗೆ ಸಾವಿರಾರು ಕೋಟಿ ರೂಪಾಯಿಯ ಯೋಜನೆಗಳನ್ನು ಘೋಷಿಸಿದ್ದರೂ ಮಗನನ್ನು ನಮ್ಮ ಮೇಲೆ ಹೇರಿದರು ಎಂಬ ಸಿಟ್ಟು ಹೋಗಲಿಲ್ಲ.

ಮತಯಂತ್ರದ ಮುಂದೆಯೂ ಒಂದು ಪರೀಕ್ಷೆ ಇತ್ತು. ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಪಕ್ಷೇತರರು ಕಣದಲ್ಲಿದ್ದರು. ಒಂದೇ ಹೆಸರು ನಾಲ್ಕು ಕಡೆ. 2015ರಿಂದ ಮತಪತ್ರದಲ್ಲಿ ಅಭ್ಯರ್ಥಿಯ ಫೋಟೋ ಹಾಕಲು ಚುನಾವಣಾ ಆಯೋಗ ಶುರುಮಾಡಿದ್ದೇ ಹೆಸರಿನ ಇಂಥ ಗೊಂದಲ ತಪ್ಪಿಸಲು. ಆದರೂ ಆ ಮೂವರಿಗೂ ಸಾವಿರಾರು ಮತ ಬಿದ್ದವು. ಇಂಥ ಕ್ಷೇತ್ರದಲ್ಲಿ ಪಕ್ಷದ ಗುರುತಿನ ಆಸರೆಯಿಲ್ಲದೆ ಗೆಲ್ಲಬೇಕಾದರೆ ಕಹಳೆ ಊದುವ ರೈತನ ಚಿಹ್ನೆಯನ್ನು ಊರೂರಿಗೆ, ಮನೆಮನೆಗೆ ಹೇಳಿಕೊಡಬೇಕಿತ್ತು. ನಟರಾದ ದರ್ಶನ್ ಮತ್ತು ಯಶ್ ಜೋಡೆತ್ತು ಎನ್ನಿಸಿಕೊಂಡು ಹಳ್ಳಿಹಳ್ಳಿ ತಿರುಗಿದ್ದು ಅದಕ್ಕೆ ನೆರವಾಯಿತು.

ಸಿನಿಮಾ, ಅನುಕಂಪ, ಸೊಸೆ ಎಂಬ ಭಾವನೆ ಇಷ್ಟೇ ಗೆಲ್ಲಿಸಿತು ಎಂದರೆ ಅರ್ಧ ಸತ್ಯ. ಆ ಸಲ ಕರ್ನಾಟಕದ 28 ಸ್ಥಾನಗಳಲ್ಲಿ ಬಿಜೆಪಿ 25 ಗೆದ್ದಿತ್ತು. ಮೋದಿಯವರಿಗೆ ಓಟು ಹಾಕಬೇಕೆಂದಿದ್ದವರಿಗೆ ಮಂಡ್ಯದಲ್ಲಿ ಕಮಲದ ಗುರುತೇ ಇರಲಿಲ್ಲ. ಆ ಮತಗಳು ಸುಮಲತಾ ಕಡೆ ಬಂದವು. ಇನ್ನೊಂದು ಕಾರಣ ಹಳ್ಳಿಯೊಳಗಿನದು, ಹೊರಗಿನವರಿಗೆ ಅಷ್ಟಾಗಿ ಕಾಣದ್ದು. ಮಂಡ್ಯದ ಊರುಗಳಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಎಂದರೆ ಎರಡು ಪಕ್ಷಗಳಷ್ಟೇ ಅಲ್ಲ, ಊರಿನ ಎರಡು ಗುಂಪುಗಳು. ಹಾಲಿನ ಡೇರಿಯ ಅಧ್ಯಕ್ಷಗಿರಿ, ಸೊಸೈಟಿಯ ಆಡಳಿತ ಮಂಡಳಿ, ಗ್ರಾಮ ಪಂಚಾಯಿತಿ, ಹಬ್ಬದ ಯಜಮಾನಿಕೆ, ಎಲ್ಲದರಲ್ಲೂ ವರ್ಷಾನುಗಟ್ಟಲೆ ಎದುರುಬದುರಾಗಿ ಸೆಣಸಿದವರು. ಬೆಂಗಳೂರಿನಲ್ಲಿ ನಾಯಕರು ಕೈಕುಲುಕಿದ ಮಾತ್ರಕ್ಕೆ ನಿನ್ನೆಯವರೆಗೆ ಪೊಲೀಸ್ ಠಾಣೆ ಹತ್ತಿಸಿದವನ ಪರ ಓಟು ಕೇಳು ಎಂದರೆ ಕಾರ್ಯಕರ್ತ ಹೇಗೆ ಹೋದಾನು? ಸ್ಥಳೀಯ ನಂಟು ಎಂದಾಗ ನಾವು ಪ್ರೀತಿ, ಬಳಗವನ್ನಷ್ಟೇ ನೆನೆಯುತ್ತೇವೆ. ಊರಿನ ಹಗೆಯೂ ಸ್ಥಳೀಯ ನಂಟೇ. 2019ರಲ್ಲಿ ಮೈತ್ರಿಯನ್ನು ಮಂಡ್ಯದಲ್ಲಿ ಮುಳುಗಿಸಿದ್ದರಲ್ಲಿ ಆ ಹಗೆಯ ಪಾಲು ದೊಡ್ಡದು.

ಊರಿನ ನಂಟು ಓಟಾಗುವ ಈ ವಿಷಯವನ್ನು ಮೊದಲು ಅಂಕಿಅಂಶ ಇಟ್ಟು ಬಿಡಿಸಿದವರು ಅಮೆರಿಕದ ರಾಜ್ಯಶಾಸ್ತ್ರಜ್ಞ ವಿ.ಒ. ಕೀ. ಅಮೆರಿಕದ ದಕ್ಷಿಣ ರಾಜ್ಯಗಳ ರಾಜಕಾರಣದ ಮೇಲೆ 1949ರಲ್ಲಿ ಬಂದ ಅವರ ಪುಸ್ತಕದಲ್ಲಿ ಅಲಬಾಮದಂಥ ರಾಜ್ಯಗಳ ಮತಗಳ ನಕಾಶೆಗಳಿವೆ. ಅಭ್ಯರ್ಥಿಯ ತವರು ಜಿಲ್ಲೆಯಲ್ಲಿ ಮತಗಳ ರಾಶಿ, ಅಕ್ಕಪಕ್ಕದ ಜಿಲ್ಲೆಗಳಲ್ಲಿ ಸ್ವಲ್ಪ ಕಡಿಮೆ, ದೂರ ಹೋದಂತೆಲ್ಲ ಇಳಿಕೆ. ಗೆಳೆಯರು ಮತ್ತು ನೆರೆಯವರ ಮತ ಎಂದು ಕೀ ಇದನ್ನು ಕರೆದರು. ಅವರಿಗೆ ಇದು ಮೆಚ್ಚುಗೆಯ ಸಂಗತಿಯಾಗಿರಲಿಲ್ಲ. ಪಕ್ಷ, ಗುಂಪು, ವಿಷಯ ಯಾವುದೂ ಗಟ್ಟಿಯಾಗಿಲ್ಲದ ಕಡೆ ಮತದಾರರಿಗೆ ಹಿಡಿದುಕೊಳ್ಳಲು ಉಳಿಯುವುದು ಇದೊಂದೇ ಎಂದು ಅವರ ವಾದ. ಇಂಗ್ಲೆಂಡಿನ 2010ರ ಚುನಾವಣೆಯನ್ನು ಅಳೆದು ನೋಡಿದ ಸಂಶೋಧಕರೂ ಅಭ್ಯರ್ಥಿಯ ಮನೆ ದೂರವಾದಷ್ಟೂ ಅವರಿಗೆ ಮತ ಹಾಕುವ ಸಾಧ್ಯತೆ ತಗ್ಗುವುದನ್ನು ಕಂಡರು. ಅಲ್ಲಿನ ಮತಪತ್ರದಲ್ಲಿ ಅಭ್ಯರ್ಥಿಯ ಮನೆವಿಳಾಸವನ್ನೇ ಅಚ್ಚು ಹಾಕುವ ಪದ್ಧತಿ ಇತ್ತು. ಈಗ ಬೇಡವೆಂದವರು ತಾವಿರುವ ಕ್ಷೇತ್ರದ ಹೆಸರನ್ನಷ್ಟೇ ಕೊಡಬಹುದು. ಐರ್ಲೆಂಡಿನಲ್ಲಂತೂ ಒಂದೇ ಕ್ಷೇತ್ರದಿಂದ ಹಲವರು ಗೆಲ್ಲುವುದರಿಂದ ಪಕ್ಷಗಳು ತಮ್ಮ ಅಭ್ಯರ್ಥಿಗಳಿಗೆ ಪ್ರದೇಶಗಳನ್ನು ಹಂಚಿಕೊಟ್ಟು ಪ್ರಚಾರ ಮಾಡಿಸುತ್ತವೆ.

ಭಾರತದ ಕಾನೂನು ಊರಿನ ನಂಟನ್ನು ಕೇಳುವುದೇ ಇಲ್ಲ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಕೆಲವು ವಿಶೇಷ ಕ್ಷೇತ್ರಗಳನ್ನು ಬಿಟ್ಟರೆ, ದೇಶದ ಯಾವುದಾದರೂ ಕ್ಷೇತ್ರದ ಮತದಾರರಾಗಿದ್ದರೆ ಸಾಕು, ಎಲ್ಲಿ ಬೇಕಾದರೂ ಲೋಕಸಭೆಗೆ ನಿಲ್ಲಬಹುದು. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ಬಂದು ನಿಂತು ಗೆದ್ದರು. ಎದುರಾಳಿ ವೀರೇಂದ್ರ ಪಾಟೀಲರೂ ಆ ಜಿಲ್ಲೆಯವರಾಗಿರಲಿಲ್ಲ. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಗೆದ್ದರು, ಕನ್ನಡ ಕಲಿತು ಭಾಷಣ ಮಾಡಿದ ಸುಷ್ಮಾ ಸ್ವರಾಜ್ ಸೋತರು. ಸುಷ್ಮಾ ಆಮೇಲೆ ವರ್ಷವರ್ಷವೂ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬರುತ್ತಿದ್ದರು, ಸೋತ ಊರಿನ ನಂಟನ್ನು ಉಳಿಸಿಕೊಂಡ ಅಪರೂಪದ ನಾಯಕಿ. ರಾಷ್ಟ್ರಮಟ್ಟದ ದೊಡ್ಡ ಹೆಸರು ಬಂದಾಗ ಸ್ಥಳೀಯ ಎಂಬ ಪ್ರಶ್ನೆ ಹಿಂದೆ ಸರಿಯುವುದು ಇಂಥ ಕಡೆ ಕಾಣುತ್ತದೆ.

ಆದರೆ ದೊಡ್ಡ ಹೆಸರಿದ್ದರೂ ಅದು ಸರಿಯದ ಉದಾಹರಣೆಯೂ ಪಕ್ಕದಲ್ಲೇ ಇದೆ. 2019ರಲ್ಲಿ ದೇವೇಗೌಡರು ಹಾಸನವನ್ನು ಮೊಮ್ಮಗ ಪ್ರಜ್ವಲ್‌ಗೆ ಬಿಟ್ಟುಕೊಟ್ಟು ತುಮಕೂರಿನಲ್ಲಿ ನಿಂತರು. ಮಾಜಿ ಪ್ರಧಾನಿ, ಅದೂ ಕಾಂಗ್ರೆಸ್ ಬೆಂಬಲದ ಅಭ್ಯರ್ಥಿ. ಗೊರೂರಿನ ಹೇಮಾವತಿ ಜಲಾಶಯದಿಂದ ತುಮಕೂರಿಗೆ ಬರಬೇಕಾದ ನೀರಿಗೆ ಹಾಸನದವರು ಅಡ್ಡ ಬಂದರು ಎಂಬ ಹಳೆಯ ಆರೋಪ ಅಲ್ಲಿ ಜೀವ ತಳೆಯಿತು. ಆ ಆರೋಪ ನ್ಯಾಯವೇ ಎಂಬುದು ಬೇರೆ ಮಾತು. ಬಿಜೆಪಿಯ ಜಿ.ಎಸ್. ಬಸವರಾಜು 13,339 ಮತಗಳಿಂದ ಗೆದ್ದರು. ನಾಲೆಯ ಮೇಲಿನವರು, ಕೆಳಗಿನವರು ಎಂಬ ಭೇದ ಹಳೆ ಮೈಸೂರು ಸೀಮೆಯಲ್ಲಿ ಜಾತಿಯಷ್ಟೇ ಆಳಕ್ಕೆ ಇಳಿದಿದೆ. ಹೇಮಗಿರಿ, ಮಂದಗೆರೆ ಅಣೆಕಟ್ಟೆಗಳ ನಾಲೆಯಲ್ಲಿ ಗದ್ದೆ ಮಾಡುವ ಕೆ.ಆರ್. ಪೇಟೆಯ ರೈತರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನೀರು ಬಿಡುವವರು ಯಾವ ಕಡೆಯವರು ಎಂಬುದು ಅವರಿಗೆ ಬದುಕಿನ ಪ್ರಶ್ನೆ.

ಮಂಡ್ಯ ಜಿಲ್ಲೆಯನ್ನು ಮೈಸೂರು ಜಿಲ್ಲೆಯಿಂದ ಬೇರೆ ಮಾಡಿದ್ದು 1939ರಲ್ಲಿ. ಅಂದು ಎಳೆದ ಆ ಗೆರೆ ಎಂಬತ್ತು ವರ್ಷದಲ್ಲಿ ನಮ್ಮ ಜಿಲ್ಲೆ ಎಂಬ ಅಭಿಮಾನವನ್ನೇ ಬೆಳೆಸಿದೆ. ಕೆ.ಆರ್.ಎಸ್. ನೀರು, ಮೈಷುಗರ್ ಕಾರ್ಖಾನೆ, ಕಾವೇರಿ ಚಳವಳಿ ಇದಕ್ಕೆ ಗೊಬ್ಬರ ಹಾಕಿದವು. ಇಲ್ಲಿಂದ ಲೋಕಸಭೆಗೆ ಹೋದ ಎಂ.ಕೆ. ಶಿವನಂಜಪ್ಪ, ಎಸ್.ಎಂ. ಕೃಷ್ಣ, ಕೆ.ವಿ. ಶಂಕರಗೌಡ, ಜಿ. ಮಾದೇಗೌಡ, ಕೆ.ಆರ್. ಪೇಟೆ ಕೃಷ್ಣ ಎಲ್ಲರೂ ಜಿಲ್ಲೆಯವರೇ. 1962ರಲ್ಲಿ ಎಸ್.ಎಂ. ಕೃಷ್ಣ ಪಕ್ಷೇತರರಾಗಿ ಮದ್ದೂರಿನಿಂದ ವಿಧಾನಸಭೆಗೆ ಗೆದ್ದಾಗ ಎದುರಿದ್ದ ಶಂಕರಗೌಡರ ಪರ ಪ್ರಚಾರಕ್ಕೆ ಪ್ರಧಾನಿ ನೆಹರೂ ಬಂದಿದ್ದರು. ಊರಿನವರ ಲೆಕ್ಕ ಊರಿನವರಿಗೇ ಎಂಬ ಛಲ ಈ ಜಿಲ್ಲೆಗೆ ಹೊಸದೇನಲ್ಲ.

ಹಾಗಾದರೆ ಊರಿನವರಾದರೆ ಸಾಕೇ? ಸಾಲದು ಎಂಬುದಕ್ಕೆ ಅಂಬರೀಷ್ ಅವರೇ ಸಾಕ್ಷಿ. ಅವರಿಗಿಂತ ಹೆಚ್ಚು ಮಂಡ್ಯದವರು ಎನ್ನಿಸಿಕೊಂಡವರು ಯಾರಿದ್ದಾರೆ? 1994ರಲ್ಲಿ ಮಂಡ್ಯದ ಗಂಡು ಎಂಬ ಸಿನಿಮಾ ಬಂದ ಮೇಲೆ ಅದೇ ಅವರ ಬಿರುದಾಯಿತು. 1998ರಲ್ಲಿ ಜನತಾದಳದಿಂದ, 1999 ಮತ್ತು 2004ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. ಪಕ್ಷ ಬದಲಾದರೂ ಮಂಡ್ಯ ಕೈಬಿಡಲಿಲ್ಲ. ಕೇಂದ್ರದಲ್ಲಿ ರಾಜ್ಯ ಸಚಿವರಾದವರು 2007ರ ಕಾವೇರಿ ತೀರ್ಪಿಗೆ ನೊಂದು ರಾಜೀನಾಮೆ ಕೊಟ್ಟರು. ಇಷ್ಟಾಗಿಯೂ 2008ರಲ್ಲಿ ಶ್ರೀರಂಗಪಟ್ಟಣದಿಂದ ವಿಧಾನಸಭೆಗೆ ನಿಂತಾಗ ರಮೇಶ್ ಬಂಡಿಸಿದ್ದೇಗೌಡರ ಎದುರು ಸೋತರು. 2009ರಲ್ಲಿ ಲೋಕಸಭೆಗೆ ನಿಂತು ನಾಗಮಂಗಲದ ಎನ್. ಚೆಲುವರಾಯಸ್ವಾಮಿ ಅವರ ಎದುರು ಸುಮಾರು 23 ಸಾವಿರ ಮತಗಳಿಂದ ಸೋತರು.

ಶ್ರೀರಂಗಪಟ್ಟಣದ ಸೋಲು ಹೇಳುವುದು ಇದನ್ನು: ವಿಧಾನಸಭೆಯಲ್ಲಿ ನಮ್ಮೋರು ಎಂದರೆ ತಾಲ್ಲೂಕಿನವರು. ಮದುವೆ, ಬೀಗರೂಟ, ತಿಥಿ, ಸಾವು ಎಲ್ಲಕ್ಕೂ ಮುಖ ತೋರಿಸುವವರು, ಠಾಣೆಗೋ ತಾಲ್ಲೂಕು ಕಚೇರಿಗೋ ಒಂದು ಫೋನು ಮಾಡುವವರು. ಅಲ್ಲಿ ಇಡೀ ಜಿಲ್ಲೆಯ ಗಂಡು ಎಂಬ ಬಿರುದು ಮನೆಬಾಗಿಲಿನ ಬಂಡಿಸಿದ್ದೇಗೌಡರ ಮನೆತನವನ್ನು ಮೀರಲಿಲ್ಲ. ಲೋಕಸಭೆಯಲ್ಲಿ ನಮ್ಮೋರು ಎಂಬುದರ ಅಳತೆ ಹಿಗ್ಗುತ್ತದೆ. ಸುಮಾರು 17 ಲಕ್ಷ ಮತದಾರರ ಕ್ಷೇತ್ರದಲ್ಲಿ ಎಲ್ಲರ ಮನೆ ಮದುವೆಗೂ ಹೋಗಲು ಯಾವ ಸಂಸದರಿಗೂ ಆಗದು. ಆಗ ಜಿಲ್ಲೆಯ ಹೆಸರು, ಜಾತಿ, ಸಿನಿಮಾ, ಕಾವೇರಿ ಇವೆಲ್ಲ ಸೇರಿ ಒಂದು ದೊಡ್ಡ ಬಳಗ ಕಟ್ಟುತ್ತವೆ. ಅದು ಬೇಗ ಕಟ್ಟುತ್ತದೆ, ಬೇಗ ಚದುರುತ್ತದೆ. 2013ರ ಉಪಚುನಾವಣೆಯಲ್ಲಿ ನಟಿ ರಮ್ಯಾ ಕಾಂಗ್ರೆಸ್‌ನಿಂದ ಗೆದ್ದು, ವರ್ಷ ತುಂಬುವ ಮೊದಲೇ 2014ರಲ್ಲಿ ಸಿ.ಎಸ್. ಪುಟ್ಟರಾಜು ಅವರೆದುರು ಐದು ಸಾವಿರ ಚಿಲ್ಲರೆ ಮತಗಳಿಂದ ಸೋತದ್ದು ಇದಕ್ಕೇ.

2024ರಲ್ಲಿ ಪಾತ್ರಗಳು ಅದಲುಬದಲಾದವು. ಜೆಡಿಎಸ್ ಈಗ ಬಿಜೆಪಿ ಜೊತೆ. ಮೈತ್ರಿ ಅಭ್ಯರ್ಥಿ ಕುಮಾರಸ್ವಾಮಿ. ಸುಮಲತಾ ಸ್ಪರ್ಧೆಯಿಂದ ಹಿಂದೆ ಸರಿದು ಬಿಜೆಪಿ ಸೇರಿದರು. ಕಾಂಗ್ರೆಸ್ ಕಣಕ್ಕಿಳಿಸಿದ್ದು ಸ್ಟಾರ್ ಚಂದ್ರು ಎಂದೇ ಹೆಸರಾದ ಉದ್ಯಮಿ ವೆಂಕಟರಮಣೇಗೌಡರನ್ನು, ನಾಗಮಂಗಲ ತಾಲ್ಲೂಕಿನವರು. ಸ್ಥಳೀಯ ಅಭ್ಯರ್ಥಿಗೆ ಮತ ಕೊಡಿ ಎಂಬುದೇ ಕಾಂಗ್ರೆಸ್‌ನ ಮಾತು. 2023ರ ವಿಧಾನಸಭಾ ಚುನಾವಣೆಯಲ್ಲಿ ಎಂಟರಲ್ಲಿ ಆರು ಕ್ಷೇತ್ರ ಕಾಂಗ್ರೆಸ್ ಗೆದ್ದಿತ್ತು, ಮೇಲುಕೋಟೆಯಲ್ಲಿ ಗೆದ್ದ ದರ್ಶನ್ ಪುಟ್ಟಣ್ಣಯ್ಯ ಅವರಿಗೂ ಅದರ ಬೆಂಬಲವಿತ್ತು. ಜೆಡಿಎಸ್‌ಗೆ ಉಳಿದದ್ದು ಕೆ.ಆರ್. ಪೇಟೆಯೊಂದೇ. ಫಲಿತಾಂಶ: ಕುಮಾರಸ್ವಾಮಿ 8,51,881, ವೆಂಕಟರಮಣೇಗೌಡರು 5,67,261. ಅಂತರ 2,84,620.

ಎಂಟಕ್ಕೆ ಎಂಟು ಶಾಸಕರಿದ್ದಾಗ ಸೋತ ಪಕ್ಷ ಒಬ್ಬರೇ ಶಾಸಕರಿದ್ದಾಗ ಮೂರು ಲಕ್ಷದ ಹತ್ತಿರ ಹತ್ತಿರ ಗೆದ್ದಿತು. ಶಾಸಕರ ಬಲ ಸಂಸದರ ಓಟಾಗಿ ತಾನೇ ತಾನಾಗಿ ಮಾರ್ಪಡುವುದಿಲ್ಲ ಎಂಬುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಮಂಡ್ಯದ ಮತದಾರರು ಎರಡು ಚುನಾವಣೆಗಳಿಗೆ ಎರಡು ಬೇರೆ ಲೆಕ್ಕ ಇಟ್ಟುಕೊಂಡಿದ್ದಾರೆ.

2019ರಲ್ಲಿ ಮಗನನ್ನು ಹೊರಗಿನವರೆಂದ ಕ್ಷೇತ್ರ ಐದು ವರ್ಷಕ್ಕೆ ತಂದೆಯನ್ನು ಹೇಗೆ ನಮ್ಮೋರು ಎಂದಿತು? ಹರದನಹಳ್ಳಿಯೇನೂ ಹತ್ತಿರ ಬರಲಿಲ್ಲ. ಬದಲಾದದ್ದು ಬೇರೆ. ಕುಮಾರಸ್ವಾಮಿ ಎರಡು ಸಲ ಮುಖ್ಯಮಂತ್ರಿಯಾಗಿ, ಪಕ್ಷದ ನಾಯಕರಾಗಿ ಈ ಹಳ್ಳಿಗಳಿಗೆ ಎರಡು ದಶಕದಿಂದ ಪರಿಚಿತರು. ಗೆದ್ದರೆ ಕೇಂದ್ರದಲ್ಲಿ ಮಂತ್ರಿಯಾಗುತ್ತಾರೆ ಎಂಬ ನಿರೀಕ್ಷೆಯಿತ್ತು, ಅದು ನಿಜವೂ ಆಯಿತು. 2023ರ ಬರದಲ್ಲಿ ತಮಿಳುನಾಡಿಗೆ ನೀರು ಬಿಟ್ಟಾಗಿನ ಸಿಟ್ಟು ಜಿಲ್ಲೆಯಲ್ಲಿ ಆರಿರಲಿಲ್ಲ. ಬಿಜೆಪಿ ಮತ ಈ ಸಲ ಜೊತೆಗೂಡಿತು. ಎದುರಿಗಿದ್ದ ಅಭ್ಯರ್ಥಿ ಹುಟ್ಟಿನಿಂದ ಸ್ಥಳೀಯರು, ಆದರೆ ರಾಜಕೀಯದಲ್ಲಿ ಹೊಸಬರು; ಊರಿನ ಹೆಸರಿತ್ತು, ಒಡನಾಟದ ಚರಿತ್ರೆ ಇರಲಿಲ್ಲ. ದಿನಕರ ದೇಸಾಯಿಯವರನ್ನು ಇಲ್ಲಿ ಮತ್ತೆ ನೆನೆಯಬೇಕು. ಮುಂಬಯಿಯಲ್ಲಿ ಕಾರ್ಮಿಕರ ನಡುವೆ ದುಡಿದವರು ಅವರು. ಆದರೂ ಕೆನರಾ ವೆಲ್‌ಫೇರ್ ಟ್ರಸ್ಟ್ ಮೂಲಕ ಉತ್ತರ ಕನ್ನಡದ ಹಿಂದುಳಿದ ಊರುಗಳಲ್ಲಿ ಶಾಲೆಗಳನ್ನು ಕಟ್ಟಿದ್ದರು. ದೂರದಲ್ಲಿದ್ದೂ ಊರಿನವರಾಗಿ ಉಳಿಯಬಹುದು ಎಂಬುದಕ್ಕೆ ಅಲ್ಲಿನ ಜನ 1967ರಲ್ಲಿ ಒಪ್ಪಿಗೆ ಹಾಕಿದರು.

ಕೆ.ಆರ್. ಪೇಟೆಯೇ ಇನ್ನೊಂದು ಉದಾಹರಣೆ ಕೊಟ್ಟಿದೆ. ಅದು ವಿಧಾನಸಭೆಯದ್ದಾದರೂ ಬಿಡುವಂತಿಲ್ಲ. ಬಿ.ಎಸ್. ಯಡಿಯೂರಪ್ಪ ಹುಟ್ಟಿದ್ದು ಇದೇ ತಾಲ್ಲೂಕಿನ ಬೂಕನಕೆರೆಯಲ್ಲಿ. ರಾಜಕೀಯ ಬೆಳೆದದ್ದು ಶಿಕಾರಿಪುರದಲ್ಲಿ. ಮಂಡ್ಯ ಜಿಲ್ಲೆಯಲ್ಲಿ ಬಿಜೆಪಿ 2019ರ ಕೊನೆಯವರೆಗೆ ಒಂದೂ ವಿಧಾನಸಭಾ ಸ್ಥಾನ ಗೆದ್ದಿರಲಿಲ್ಲ. 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಯಡಿಯೂರಪ್ಪ ಮುಖ್ಯಮಂತ್ರಿ. ಜೆಡಿಎಸ್ ಬಿಟ್ಟು ಬಂದ ಕೆ.ಸಿ. ನಾರಾಯಣಗೌಡ ಬಿಜೆಪಿಯಿಂದ ನಿಂತರು. ನಮ್ಮ ತಾಲ್ಲೂಕಿನ ಮಗ ಮುಖ್ಯಮಂತ್ರಿ ಎಂಬ ಮಾತು ಹಳ್ಳಿಹಳ್ಳಿಗೆ ಹೋಯಿತು. ಬಿಜೆಪಿ 9,731 ಮತಗಳಿಂದ ಗೆದ್ದಿತು. 2023ರಲ್ಲಿ ಯಡಿಯೂರಪ್ಪ ಅಧಿಕಾರದಲ್ಲಿ ಇರಲಿಲ್ಲ. ನಾರಾಯಣಗೌಡರು ಸೋತು ಜೆಡಿಎಸ್‌ನ ಎಚ್.ಟಿ. ಮಂಜು ಗೆದ್ದರು. ಹುಟ್ಟೂರಿನ ಅಭಿಮಾನಕ್ಕೆ ಅಧಿಕಾರದ ಆಸರೆ ಬೇಕಾಗುತ್ತದೆ.

ಗೆದ್ದ ಮೇಲೆ ಸಂಸದರಿಂದ ಏನಾಗುತ್ತದೆ ಎಂಬ ಪ್ರಶ್ನೆ ಇದಕ್ಕೆ ಅಂಟಿಕೊಂಡೇ ಇದೆ. ಸಂಸದರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಎಂಟು ವಿಧಾನಸಭಾ ಕ್ಷೇತ್ರಕ್ಕೆ ಹಂಚಿದರೆ ಒಂದಕ್ಕೆ 62 ಲಕ್ಷ ಚಿಲ್ಲರೆ, ಹೋಬಳಿಗೆ ಇಳಿದರೆ ಒಂದು ಸಮುದಾಯ ಭವನದ ಹಣ. ಕೊರೊನಾ ಕಾಲದಲ್ಲಿ 2020ರ ಏಪ್ರಿಲ್‌ನಿಂದ ಸುಮಾರು ಒಂದೂವರೆ ವರ್ಷ ಅದೂ ನಿಂತಿತ್ತು. ಆದರೆ ಮಂಡ್ಯದ ಬದುಕಿನ ದೊಡ್ಡ ತೀರ್ಮಾನಗಳು ದಿಲ್ಲಿಯಲ್ಲೇ ಆಗುತ್ತವೆ. ಕಬ್ಬಿನ ನ್ಯಾಯ ಮತ್ತು ಲಾಭದಾಯಕ ದರ ನಿಗದಿ ಮಾಡುವುದು ಕೇಂದ್ರ ಸರ್ಕಾರ. ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಕೂರುವುದು ದಿಲ್ಲಿಯಲ್ಲಿ. ಮೇಕೆದಾಟಿಗೆ ಒಪ್ಪಿಗೆ ಬೇಕಿರುವುದು ಅಲ್ಲಿಂದ. ಊರಿನ ಚರಂಡಿಗಾಗಿ ಸಂಸದರ ಮನೆ ಬಾಗಿಲಿಗೆ ಹೋಗುವುದಕ್ಕಿಂತ ಕಬ್ಬಿನ ದರದ ಮೇಲೆ ಅವರು ಸಂಸತ್ತಿನಲ್ಲಿ ಏನು ಮಾತಾಡಿದರು ಎಂದು ಕೇಳುವುದು ರೈತರಿಗೆ ಹೆಚ್ಚು ಲಾಭದ ನಂಟು. ಸುಮಲತಾ 2021ರಲ್ಲಿ ಕೆ.ಆರ್.ಎಸ್. ಸುತ್ತಮುತ್ತಲ ಅಕ್ರಮ ಗಣಿಗಾರಿಕೆಯ ವಿಚಾರ ಎತ್ತಿದಾಗ ಕುಮಾರಸ್ವಾಮಿಯವರೊಡನೆ ದೊಡ್ಡ ಜಗಳವೇ ಆಯಿತು. ಸಂಸದರೊಬ್ಬರು ಅಣೆಕಟ್ಟೆಯ ಸುರಕ್ಷತೆಯನ್ನು ಹಿಡಿದು ನಿಂತದ್ದು ಸರಿಯಾದ ಕೆಲಸ. ಜಗಳದ ಗದ್ದಲದಲ್ಲಿ ಅದರ ತೂಕ ಹಲವರ ಗಮನಕ್ಕೆ ಬರಲಿಲ್ಲ.

ಅಭ್ಯರ್ಥಿಗಳಿಗೂ ಜನರ ಕೈಗೆ ಸಿಗಬೇಕೆಂಬ ಆಸೆಯ ತೂಕ ಗೊತ್ತು. ಅದಕ್ಕೇ ಪ್ರತಿ ಚುನಾವಣೆಯಲ್ಲೂ ಮಂಡ್ಯದಲ್ಲಿ ಮನೆ ಮಾಡುತ್ತೇನೆ, ಜಮೀನು ತೆಗೆದುಕೊಳ್ಳುತ್ತೇನೆ ಎಂಬ ಮಾತು ಬರುತ್ತದೆ. ರಮ್ಯಾ ಮಂಡ್ಯದಲ್ಲಿ ಬಾಡಿಗೆ ಮನೆ ಮಾಡಿ ಆಮೇಲೆ ಖಾಲಿ ಮಾಡಿದ್ದು ಜಿಲ್ಲೆಯಲ್ಲಿ ದೊಡ್ಡ ಸುದ್ದಿಯಾಗಿತ್ತು. ಸುಮಲತಾ ಮದ್ದೂರು ತಾಲ್ಲೂಕಿನ ಹನಕೆರೆಯಲ್ಲಿ ಮನೆಗೆ ಭೂಮಿಪೂಜೆ ಮಾಡಿದರು. ಬಾಗಿಲು ತೆರೆದಿರುವ ಒಂದು ಕಚೇರಿ, ಫೋನು ಎತ್ತುವ ಒಬ್ಬ ಆಪ್ತ ಸಹಾಯಕ, ತಾಲ್ಲೂಕಿಗೆ ತಿಂಗಳಿಗೊಮ್ಮೆ ಅಹವಾಲು ಸಭೆ ಇದ್ದರೆ ಮನೆ ಎಲ್ಲಿದ್ದರೂ ಜನ ಅಷ್ಟಾಗಿ ಕೇಳಲಿಕ್ಕಿಲ್ಲ.

ನಮ್ಮೋರು ಎಂಬ ಬಳಗವನ್ನು ಕ್ಷೇತ್ರದ ಗೆರೆಯೂ ಕಟ್ಟುತ್ತದೆ ಎಂಬುದಕ್ಕೆ ಕೆ.ಆರ್. ನಗರದವರ ಅನುಭವವೇ ಒಂದು ಪ್ರಮಾಣ. ಅವರ ಜಿಲ್ಲಾಧಿಕಾರಿ ಕಚೇರಿ ಮೈಸೂರಿನಲ್ಲಿ, ಸಂಸದರು ಮಂಡ್ಯದವರು. ಮಂಡ್ಯದ ಸ್ವಾಭಿಮಾನ ಎಂಬ ಘೋಷಣೆ ಕೂಗಿದವರು ಅವರ ಊರಿಗೂ ಬಂದಿದ್ದರು. ಕ್ಷೇತ್ರ ಮರುವಿಂಗಡಣೆಯ ಗೆರೆ ಅವರನ್ನು ಮಂಡ್ಯದ ಬಳಗಕ್ಕೆ ಸೇರಿಸಿತ್ತು. ಮುಂದಿನ ಮರುವಿಂಗಡಣೆ ಬಂದಾಗ ಇಂಥ ಗೆರೆಗಳು ಮತ್ತೆ ಅಲುಗಬಹುದು. ಜೊತೆಗೆ 2023ರ 106ನೇ ಸಂವಿಧಾನ ತಿದ್ದುಪಡಿ ಲೋಕಸಭೆಯ ಮೂರನೇ ಒಂದು ಪಾಲು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡುತ್ತದೆ. ಆ ಮೀಸಲು ಕ್ಷೇತ್ರಗಳು ಪ್ರತಿ ಮರುವಿಂಗಡಣೆಯ ನಂತರ ಸರದಿಯ ಮೇಲೆ ಬದಲಾಗುತ್ತವೆ. ಮಂಡ್ಯದಂಥ ಕ್ಷೇತ್ರ ಮಹಿಳೆಗೆ ಮೀಸಲಾದರೆ ಪಕ್ಷಗಳು ಯಾರನ್ನು ಹುಡುಕುತ್ತವೆ ಎಂಬುದನ್ನು ಈಗಿನಿಂದಲೇ ಗಮನಿಸಬೇಕು. ನಾಯಕರ ಮನೆಯ ಹೆಂಗಸರನ್ನೇ, ಇಲ್ಲವೇ ಸಿನಿಮಾದವರನ್ನೇ ತಂದು ನಿಲ್ಲಿಸುವುದು ಸುಲಭದ ದಾರಿ. ಡೇರಿ, ಸೊಸೈಟಿ, ಗ್ರಾಮ ಪಂಚಾಯಿತಿಯಲ್ಲಿ ಅಧ್ಯಕ್ಷೆಯರಾಗಿ ಹತ್ತು ವರ್ಷ ದುಡಿದ ಹೆಂಗಸರು ನಾಗಮಂಗಲದಲ್ಲೂ ಪಾಂಡವಪುರದಲ್ಲೂ ಇದ್ದಾರೆ. ಟಿಕೆಟ್ ಹಂಚುವ ಸಭೆಗಳಲ್ಲಿ ಅವರ ಹೆಸರು ಇನ್ನೂ ಕೇಳಿಬಂದಿಲ್ಲ.